ಎಡಗಿವಿ ಮತ್ತು ಹವಳದ ದಿಬ್ಬ

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮಗೆ ಎಂದಾದರೂ ಕಿವಿಯ ಕಾಯಿಲೆ ಬಂದಿದೆಯೇ, ಕಿವಿಯ ತಮಟೆಗೆ ಪೆಟ್ಟಾಗಿದೆಯೇ? ನಾನು ಹಿಂದೆಮುಂದೆ ನೋಡದೆ ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ನಾನು ಅಣ್ಣಿಗೇರಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಪ್ರತಿ ವರ್ಷ ಬೋರ್ಡಿನ ಮೇಲೆ ಕಿವಿಯ ಚಿತ್ರ ಬಿಡಿಸಿ, ಬಾಣ ಎಳೆದು, ಇದು ತಮಟೆ, ಇದು ಒಳಗಿವಿ ಎಂದು ಮಕ್ಕಳಿಂದ ಬರೆಸುವವಳು. ಆದರೂ ನನ್ನ ಎಡಗಿವಿ ಪ್ರತಿ ಮಳೆಗಾಲ ಸೋರುವುದು ಕಾಯಿಲೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನಮ್ಮ ಕಡೆ ಕಿವಿ ಸೋರುವುದನ್ನು ಯಾರೂ ಕಾಯಿಲೆಗಳ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ, ಅರಳೆ ತುರುಕುತ್ತಾರೆ, ಮುಗಿಯಿತು. ಮಳೆಗಾಲಕ್ಕೆ ಮಣ್ಣಿನ ಮಾಳಿಗೆ ಸೋರುತ್ತದೆ, ಹಾಗೆಯೇ ಕಿವಿಯೂ ಸೋರುತ್ತದೆ. ನಾನು ಹಾಕಿದ ಆ ಗುರುತು ಎಂ.ಎಸ್ಸಿ. ಓದಿದವಳದಾಗಿರಲಿಲ್ಲ, ನಮ್ಮವ್ವನ ಮಗಳದಾಗಿತ್ತು.

ಅದು ಅಂಡಮಾನಿನ ಹವಳದ ದಿಬ್ಬಗಳಿಗೆ ಹೋಗುವ ಹಡಗಿನ ಅರ್ಜಿ. ಆರು ರಾತ್ರಿ ಹಡಗಿನಲ್ಲೇ ಉಣ್ಣುವುದು, ಹಡಗಿನಲ್ಲೇ ಮಲಗುವುದು. ಬೆಳಿಗ್ಗೆ ಎದ್ದು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗೆ ಇಳಿಯುವುದು, ಮೇಲೆ ಬಂದು ಚಹಾ ಕುಡಿಯುವುದು, ಮತ್ತೆ ಇಳಿಯುವುದು. ದಂಡೆಯಿಂದ ಹೋಗಿ ಮುಟ್ಟಲಾಗದ ದಿಬ್ಬಗಳನ್ನು ಹಡಗಿನಲ್ಲೇ ವಾಸ ಮಾಡುವವರು ಮಾತ್ರ ನೋಡಬಹುದು. ಧಾರವಾಡದಲ್ಲಿ ನನ್ನ ಜೊತೆ ಪ್ರಾಣಿಶಾಸ್ತ್ರ ಓದಿದ ಮೂವರು ಗೆಳತಿಯರು ಮತ್ತು ನಾನು ಸೇರಿ ಎರಡು ವರ್ಷದಿಂದ ಈ ಪ್ರವಾಸದ ತಯಾರಿ ನಡೆಸಿದ್ದೆವು. ಹಾಸ್ಟೆಲಿನಲ್ಲಿ ಇದ್ದಾಗ ಹವಳವನ್ನು ನಾವು ನೋಡಿದ್ದು ಪ್ರಯೋಗಾಲಯದ ಗಾಜಿನ ಬರಣಿಯಲ್ಲಿ, ಬೆಳ್ಳಗೆ, ಸತ್ತು ಸುಣ್ಣವಾದದ್ದನ್ನು. ಜೀವಂತ ಹವಳ ಬಾಯಿ ತೆರೆಯುವುದನ್ನು ಒಮ್ಮೆ ಕಣ್ಣಾರೆ ನೋಡೋಣ ಎಂದು ಆಗಲೇ ಮಾತಾಡಿಕೊಂಡಿದ್ದೆವು. ಆ ಮಾತು ಮರೆಯದೆ ಇಟ್ಟುಕೊಂಡವಳು ಗೋವಾದಲ್ಲಿ ಕೆಲಸದಲ್ಲಿರುವ ಗೆಳತಿ. ಎಲ್ಲ ಅವಳದೇ ಮುಂದಾಳತ್ವ. ಏಪ್ರಿಲಿನಲ್ಲಿ ಸಮುದ್ರ ಶಾಂತ ಇರುತ್ತದೆ, ನನಗೆ ಕಾಲೇಜಿನ ರಜೆ ಇರುತ್ತದೆ ಎಂದು ದಿನ ಗೊತ್ತುಮಾಡಿದವಳೂ ಅವಳೇ. ಫೋನಿನಲ್ಲಿ ನಮ್ಮದೊಂದು ವಾಟ್ಸಾಪ್ ಗುಂಪು ಇತ್ತು. ಯಾರ ಖೋಲಿಯಲ್ಲಿ ಯಾರು, ವಾಂತಿ ಗುಳಿಗೆ ಯಾರು ತರಬೇಕು, ಸಸ್ಯಾಹಾರಿ ನಾನೊಬ್ಬಳೇ ಇದ್ದುದರಿಂದ ನನಗೆ ರೊಟ್ಟಿ ಕಟ್ಟಿಕೊಂಡು ಬರಲು ಬಿಡುತ್ತಾರೋ ಇಲ್ಲವೋ, ಎಲ್ಲ ಅಲ್ಲಿ ಚರ್ಚೆ.

“ಮೀನ ನೋಡಾಕ ಹೊಂಟಾಕಿ ಮೀನ ತಿನ್ನಂಗಿಲ್ಲ ಅಂದ್ರ ಹೆಂಗಬೇ?” ಎಂದು ಶಾಲೆಯಲ್ಲಿ ಕಲಿಸುವ ಒಬ್ಬಳು ಬರೆದರೆ, “ನೀ ಹುಡುಗರಿಗೆ ಪಾಠ ಮಾಡ್ತಿ, ಹುಡುಗರನ ತಿಂತಿ ಏನು?” ಎಂದು ನಾನು ಬರೆಯುತ್ತಿದ್ದೆ.

ಈಜು ಕಲಿತದ್ದು ಬೇರೆ ಕತೆ. ನಮ್ಮ ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲನೆಯವಳು ನಾನು. ಪದವಿ ತೆಗೆದುಕೊಂಡ ಮೊದಲನೆಯವಳು ನಾನು. ನೀರಿಗೆ ಇಳಿದ ಮೊದಲನೆಯವಳೂ ನಾನೇ. ನಮ್ಮೂರು ನವಲಗುಂದ ತಾಲೂಕಿನ ಎರಿ ಭೂಮಿಯ, ಕಪ್ಪು ಮಣ್ಣಿನ ಊರು. ಬಾವಿ ತೋಡಿದರೆ ಬಾಯಿಗಿಡಲಾಗದ ಸವಳು ನೀರು. ಕುಡಿಯಲಿಕ್ಕೆ ಇರುವುದು ಒಂದೇ ಕೆರೆ. ಚಪ್ಪಲಿಯನ್ನು ಕೆರೆಯ ಕಟ್ಟೆಯ ಬಾಗಿಲಲ್ಲಿ ಬಿಟ್ಟು, ಮೆಟ್ಟಿಲು ಇಳಿದು, ಕೊಡ ಮಾತ್ರ ನೀರಿಗೆ ತಾಗಿಸಿ ಮೇಲೆ ಬರಬೇಕು. ಕಾಲು ತಾಗಬಾರದು, ಕೈ ತೊಳೆಯಬಾರದು. ಅಂಥ ಊರಿನಲ್ಲಿ ಈಜು ಯಾರಿಗೆ ಬರಬೇಕು? ಗಂಡು ಹುಡುಗರಾದರೂ ಕಾಲುವೆಗೆ ಹೋಗಿ ಕಲಿಯುತ್ತಿದ್ದರು. ನಾನು ಮೂವತ್ತು ದಾಟಿದ ಮೇಲೆ ಹುಬ್ಬಳ್ಳಿಯ ಈಜುಕೊಳದಲ್ಲಿ, ಹೆಂಗಸರ ತಾಸಿನಲ್ಲಿ, ಎಂಟು ವರ್ಷದ ಹುಡುಗಿಯರ ನಡುವೆ ಕಾಲು ಬಡಿಯುತ್ತ ಕಲಿತೆ. ರವಿವಾರಕ್ಕೊಮ್ಮೆ ಅಣ್ಣಿಗೇರಿಯಿಂದ ಬಸ್ಸು. ಎಡಗಿವಿಯಲ್ಲಿ ಎಣ್ಣೆ ಅದ್ದಿದ ಅರಳೆ. ಈಜಿ ಬಂದ ಮೇಲೆ ಎರಡು ದಿನ ಕಿವಿ ಸೋರುತ್ತಿತ್ತು. ಸೋರಲಿ ಎಂದು ಬಿಟ್ಟಿದ್ದೆ.

ಜನವರಿಯಲ್ಲಿ ಹಡಗಿನವರೇ ನಡೆಸುವ ಎರಡು ದಿನದ ತರಬೇತಿಗೆ ಗೋವಾಕ್ಕೆ ಹೋದೆ. ಅಳ್ನಾವರ ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಕಾಡು ಶುರುವಾಗುತ್ತದೆ. ಬಯಲಿನ ನಮಗೆ ಅಷ್ಟು ಹಸಿರು ನೋಡಿದರೆ ಏನೋ ಸಂಭ್ರಮ. ಇಡೀ ದಾರಿ ನಾನು ಪುಸ್ತಕ ಹಿಡಿದುಕೊಂಡು, ಎಷ್ಟು ಆಳಕ್ಕೆ ಎಷ್ಟು ಒತ್ತಡ ಎಂದು ಬಾಯಿಪಾಠ ಮಾಡುತ್ತ ಕೂತಿದ್ದೆ. ತರಬೇತಿಯವರು ಮೊದಲು ಈಜುಕೊಳದಲ್ಲಿ ಇಳಿಸುತ್ತಾರೆ. ಆಳ ಹೆಚ್ಚೇನಲ್ಲ, ನಮ್ಮ ಮನೆಯ ಮಾಳಿಗೆಯ ಎತ್ತರದಷ್ಟು. ಮೂಗು ಹಿಡಿದು ಊದು, ಕಿವಿ ತೆರೆಯುತ್ತದೆ ಎಂದರು. ಬಲಗಿವಿ ತೆರೆಯಿತು. ಎಡಗಿವಿಯಲ್ಲಿ ಗುಳುಗುಳು ಎಂದು ಗಾಳಿಯೇ ಹೊರಗೆ ಹೋಯಿತು. ಹಿಂದೆಯೇ ತಣ್ಣನೆಯ ನೀರು ತಲೆಯೊಳಗೆ ಹೊಕ್ಕಂತಾಯಿತು. ಆಮೇಲೆ ಕೊಳದ ನೆಲ ಗೋಡೆಯಾಯಿತು, ಗೋಡೆ ತಿರುಗಿ ಮೇಲೆ ಬಂತು. ಯಾವುದು ಮೇಲೆ, ಯಾವುದು ಕೆಳಗೆ ಒಂದೂ ತಿಳಿಯಲಿಲ್ಲ. ತರಬೇತುದಾರ ನನ್ನ ಪಟ್ಟಿ ಹಿಡಿದು ಮೇಲಕ್ಕೆ ತಂದ. ನಾನು ಕೊಳದ ದಂಡೆಯಲ್ಲಿ ಎಲ್ಲರೆದುರು ವಾಂತಿ ಮಾಡಿಕೊಂಡೆ.

ಆತ ಬೈಯಲಿಲ್ಲ. ನನ್ನ ಅರ್ಜಿ ತರಿಸಿ ನೋಡಿದ. ‘ಇಲ್ಲ’ ಎಂದು ಹಾಕಿದ ಗುರುತಿನ ಮೇಲೆ ಬೆರಳಿಟ್ಟು, ಇದನ್ನು ಕಿವಿಯ ಡಾಕ್ಟರಿಂದ ಬರೆಸಿಕೊಂಡು ಬಾ, ಅಲ್ಲಿಯವರೆಗೆ ನೀರು ಬೇಡ ಎಂದ.

ಹುಬ್ಬಳ್ಳಿಯ ಕಿವಿ ಡಾಕ್ಟರು ವಯಸ್ಸಾದವರು. ಸಣ್ಣ ಕ್ಯಾಮೆರಾ ಕಿವಿಗಿಟ್ಟು, ಎದುರಿನ ಪರದೆಯಲ್ಲಿ ತೋರಿಸಿದರು. ನಾನು ಬೋರ್ಡಿನ ಮೇಲೆ ಬಿಡಿಸುವ ತಮಟೆ ದುಂಡಗೆ, ಬಿಗಿಯಾಗಿ ಇರುತ್ತದೆ. ನನ್ನದರಲ್ಲಿ ಕಡಲೆಬೇಳೆಯಷ್ಟು ತೂತು.

“ಇದು ಹಳೇದರೀ. ಬಾಳ ವರ್ಷದ್ದು,” ಎಂದರು. “ಸಣ್ಣಾಕಿದ್ದಾಗ ಯಾರರೆ ಕಪಾಳಕ್ಕ ಹೊಡದಿದ್ರೇನು?”

ನಾನು ಪರದೆಯ ಕಡೆಗೇ ನೋಡುತ್ತಿದ್ದೆ. ಅವರು ತಾವೇ ಮುಂದುವರಿಸಿದರು. “ಸೋಂಕಿನಿಂದನೂ ಆಗತೈತಿ. ಹಿಂಗ ಆಗೇತಿ ಅಂತ ಈಗ ಖಾತ್ರಿ ಹೇಳಾಕ ಬರಂಗಿಲ್ಲ. ಆದರ ಈ ಕಿವಿ ಇಟಗೊಂಡು ನೀವು ಸಮುದ್ರಕ್ಕ ಇಳಿಯಂಗಿಲ್ಲ. ಸಮುದ್ರ ಹೋಗ್ಲಿ, ಈಜೂದೂ ಬ್ಯಾಡ. ನಾ ಸಹಿ ಮಾಡಂಗಿಲ್ಲರೀ.”

ಡಾಕ್ಟರಿಗೆ ಖಾತ್ರಿ ಇರಲಿಕ್ಕಿಲ್ಲ. ನನಗೆ ಇದೆ. ಕಪಾಳಕ್ಕೆ ಏಟು ಬಿದ್ದ ಆ ದಿನದವರೆಗೆ ನನ್ನ ಕಿವಿ ಸೋರಿದ್ದಿಲ್ಲ.

ನಾನು ಐದನೆಯ ಇಯತ್ತೆಯಲ್ಲಿ ಇದ್ದೆ. ಶಾಲೆಗೆ ಕುಡಿಯುವ ನೀರು ತರುವ ಪಾಳಿ ಹುಡುಗಿಯರದು. ದಿನಕ್ಕೆ ಇಬ್ಬರು, ಕೆರೆಗೆ ಹೋಗಿ ಒಂದೊಂದು ಕೊಡ ತರಬೇಕು. ಅಂದು ನನ್ನ ಪಾಳಿ. ಕೊಡ ತುಂಬಿಸಿಕೊಂಡು ಜೊತೆಗಾತಿ ಮೇಲೆ ಹೋದಳು. ನಾನು ಕೊನೆಯ ಮೆಟ್ಟಿಲ ಮೇಲೆ ಕೂತೆ. ನೀರಿನ ಕೆಳಗೆ ಇನ್ನೂ ಮೆಟ್ಟಿಲುಗಳು ಇದ್ದವು, ಒಂದರ ಕೆಳಗೊಂದು ಇಳಿದು ಹೋಗಿದ್ದವು. ಎಲ್ಲಿಯವರೆಗೆ ಹೋಗಿವೆ ಎಂದು ನೋಡುವ ಆಸೆ. ಮೇಲಿನಿಂದ ನೋಡಿದರೆ ಆಕಾಶವೇ ಕಾಣುತ್ತಿತ್ತು. ಅದಕ್ಕೆ ಮಂಡಿಯೂರಿ, ಬಗ್ಗಿ, ಮುಖ ನೀರಿನೊಳಗೆ ಇಟ್ಟೆ. ಕಣ್ಣು ತೆರೆದೆ.

ಕಂಡದ್ದನ್ನು ಈಗಲೂ ಹೇಳಬಲ್ಲೆ. ಹಸಿರು ಬೆಳಕು. ಪಾಚಿ ಹಿಡಿದ ಮೆಟ್ಟಿಲು, ಪಾಚಿಯ ಒಂದೊಂದು ಎಳೆಯೂ ಎದ್ದು ನಿಂತು ಅಲ್ಲಾಡುತ್ತಿತ್ತು. ಕಿರುಬೆರಳಿಗಿಂತ ಸಣ್ಣ ನಾಲ್ಕು ಮೀನು, ಎಲ್ಲವೂ ನನ್ನ ಕಡೆ ಮುಖ ಮಾಡಿ ನಿಂತಿದ್ದವು. ಸದ್ದಿಲ್ಲ. ಊರಿನಲ್ಲಿ ನನಗೆ ಗೊತ್ತಿಲ್ಲದ ಜಾಗ ಒಂದಿತ್ತು, ಅದು ನಾನು ದಿನಾ ಕುಡಿಯುವ ನೀರಿನೊಳಗೇ ಇತ್ತು.

ಯಾರೋ ಜಡೆ ಹಿಡಿದು ಎಳೆದರು. ತಡವಾಯಿತೆಂದು ನೋಡಲು ಬಂದಿದ್ದ ನಮ್ಮ ತರಗತಿಯ ಮಾಸ್ತರರು. “ಊರ ಮಂದಿ ಕುಡಿಯೂ ನೀರಾಗ ಮಾರಿ ಇಡ್ತಿ?” ಎಂದದ್ದು ಎರಡೂ ಕಿವಿಯಲ್ಲಿ ಕೇಳಿಸಿತು. ಅದರ ನಂತರದ್ದು ಒಂದೇ ಕಿವಿಯಲ್ಲಿ. ಕೈಯ ಪೂರ್ತಿ ಅಗಲದಿಂದ, ಒದ್ದೆ ಕೆನ್ನೆಯ ಮೇಲೆ, ಕಿವಿ ಸೇರಿಸಿ ಹೊಡೆದರು. ಎಡಗಿವಿಯೊಳಗೆ ಗಿರಣಿಯ ಸೀಟಿಯಂಥ ಶಬ್ದ ಹೊರಟಿತು. ಮರುದಿನ ಬೆಳಿಗ್ಗೆಯೂ ಅದು ನಿಂತಿರಲಿಲ್ಲ.

ನಾನು ತಪ್ಪು ಮಾಡಿದ್ದೆ. ಅದು ಊರಿನ ಕುಡಿಯುವ ನೀರು. ಅದಕ್ಕೆ ಬೈಯಬಹುದಿತ್ತು, ಒಂದು ವಾರ ನನ್ನೊಬ್ಬಳಿಂದಲೇ ನೀರು ತರಿಸಬಹುದಿತ್ತು. ಹತ್ತು ವರ್ಷದ ಹುಡುಗಿಯ ತಲೆಗೆ ಅಷ್ಟು ಬಲ ಹಾಕಬೇಕಿರಲಿಲ್ಲ. ಆದರೆ ನನ್ನ ಸಿಟ್ಟು ಆ ಏಟಿಗೆ ಮಾತ್ರ ಅಲ್ಲ. ಅದರ ನಂತರ ನಡೆದುದಕ್ಕೆ ಹೆಚ್ಚು. ಸಂಜೆ ಕಿವಿಯಿಂದ ಕೆಂಪು ನೀರು ಬಂದಾಗ ನಮ್ಮವ್ವ ಅದನ್ನು ನೋಡಿ ಹೇಳಿದ್ದು, “ಗಂಗವ್ವ ಸಿಟ್ಟಾಗ್ಯಾಳ.” ಮರುದಿನ ಕೆರೆಗೆ ಹೋಗಿ ಅರಿಸಿನ ಕುಂಕುಮ ಏರಿಸಿ ಬಂದಳು. ಅಲ್ಲಿಂದ ಸೀದಾ ಮಾಸ್ತರರ ಮನೆಗೆ. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕೈಯಲ್ಲಿ ಒಂದು ತೆಂಗಿನಕಾಯಿ. ಹೊಸ್ತಿಲ ಹೊರಗೆ ನಿಂತು, “ತಪ್ಪಾತ್ರೀ ಸರ, ಕೂಸಿಗೆ ತಿಳೀಲಿಲ್ಲ,” ಎಂದು ಕಾಯಿ ಕೊಟ್ಟಳು. ಅವರು ತೆಗೆದುಕೊಂಡರು. ಕಿವಿಯಲ್ಲಿ ಅರಳೆ ಇಟ್ಟುಕೊಂಡು ಎದುರಿಗೇ ನಿಂತಿದ್ದ ನನ್ನನ್ನು ನೋಡಿದರು. ಏನಾಯಿತು ಎಂದು ಕೇಳಲಿಲ್ಲ.

ಡಾಕ್ಟರರ ಚೀಟಿ ಹಿಡಿದು ಮನೆಗೆ ಬಂದ ಸಂಜೆ ಗೋವಾದ ಗೆಳತಿಗೆ ಫೋನು ಮಾಡಿದೆ. “ಮುಂದಿನ ವರ್ಷ ಹೋಗೂಣು ಬಿಡು, ಎಲ್ಲಾರೂ ಕೂಡೇ,” ಎಂದಳು. ನಾನು ಒಪ್ಪಲಿಲ್ಲ. ಒಬ್ಬಳ ತೂತಿಗಾಗಿ ನಾಲ್ವರು ದಂಡೆಯಲ್ಲಿ ಕೂರುವುದು ಯಾವ ನ್ಯಾಯ? ನನ್ನ ಮಲಗುವ ಜಾಗ ಬೇರೆಯವರಿಗೆ ಹೋಯಿತು. ಗುಂಪಿನಲ್ಲಿ ಯಾರೂ ಕೆಲ ದಿನ ನಗೆಚಾಟಿಕೆ ಬರೆಯಲಿಲ್ಲ. ಆ ಮೌನಕ್ಕೂ ನನಗೆ ಸಿಟ್ಟು ಬಂತು. ಕೊನೆಗೆ ನಾನೇ, “ನಾ ಸತ್ತಿಲ್ಲ, ವಾಂತಿ ಗುಳಿಗಿ ನೆನಪಲೆ ಒಯ್ರಿ,” ಎಂದು ಬರೆದೆ.

ನನ್ನ ಫೋನಿನಲ್ಲಿ ಅದೇ ಹೊತ್ತಿಗೆ ಇನ್ನೊಂದು ಗುಂಪೂ ಗದ್ದಲ ಮಾಡುತ್ತಿತ್ತು. ನಮ್ಮೂರ ಶಾಲೆಯಲ್ಲಿ ನನ್ನ ಜೊತೆ ಕಲಿತವರದು. ಈಗ ನಮ್ಮ ಕಡೆ ಎಲ್ಲ ಊರಲ್ಲೂ ಗುರುವಂದನೆಯ ಹಂಗಾಮು. ಹಳೆಯ ವಿದ್ಯಾರ್ಥಿಗಳು ಕೂಡಿ, ಕಲಿಸಿದ ಮಾಸ್ತರರನ್ನು ಹುಡುಕಿ ಕರೆತಂದು, ಹೂವು ಕಟ್ಟಿದ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ, ಕಾಲು ತೊಳೆದು, ಶಾಲು ಹೊದಿಸಿ ಕಳಿಸುತ್ತಾರೆ. ನಮ್ಮದನ್ನು ಹಮ್ಮಿಕೊಂಡವನು ಊರಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸಹಪಾಠಿ. ಏಪ್ರಿಲಿನ ಒಂದು ರವಿವಾರ. ಅಂದು ನಾನು ಹಡಗಿನಲ್ಲಿ ಇರುತ್ತೇನೆ, ಬರಲಾಗದು ಎಂದು ಮೊದಲೇ ತಿಳಿಸಿದ್ದೆ. ಹಡಗು ತಪ್ಪಿದ ಸುದ್ದಿ ಹೇಗೋ ಅವನಿಗೆ ಮುಟ್ಟಿತು.

“ಹಂಗಾರ ಬರಾಕ ಆಗತೈತಲ್ಲವಾ,” ಎಂದು ಫೋನು ಮಾಡಿದ. “ನಮ್ಮ ಪೈಕಿ ಲೆಕ್ಚರರ್ ನೀ ಒಬ್ಬಾಕಿನ. ಸರಗೆ ಕಾಯಿ ಕೊಟ್ಟು ಎರಡು ಮಾತಾಡಾಕಿ ನೀನ. ಹೆಸರು ಹಚ್ಚೇನಿ.”

“ಯಾವ ಸರ?” ಎಂದೆ, ಗೊತ್ತಿದ್ದೂ.

“ಐದನೇ ಇಯತ್ತೆ ಸರ. ಉಳಿದವರೊಳಗ ಅವರ ಗಟ್ಟಿ ಅದಾರ.”

ಒಲ್ಲೆ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಊರಲ್ಲಿ ನಮ್ಮವ್ವ ಆಗಲೇ ಅವನಿಂದ ಆ ಸುದ್ದಿ ಕೇಳಿ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಮಗಳು ಊರ ಮಂದಿಯ ಮುಂದೆ ಮೈಕಿನಲ್ಲಿ ಮಾತಾಡುವುದನ್ನು ನೋಡುವುದು ಅವಳಿಗೆ ನನ್ನ ಪದವಿಗಿಂತ ದೊಡ್ಡದು. ಕಿವಿಯ ತೂತಿನ ಸಂಗತಿ ಅವಳಿಗೆ ನಾನು ಹೇಳಿರಲಿಲ್ಲ. ರಜೆ ಸಿಗಲಿಲ್ಲ, ಹಡಗಿಗೆ ಹೋಗುವುದಿಲ್ಲ ಎಂದು ಒಂದು ಸುಳ್ಳು ಹೇಳಿ ಮುಗಿಸಿದ್ದೆ.

ಶಾಲೆಯ ಅಂಗಳದಲ್ಲಿ ಪೆಂಡಾಲು. ಮಾಸ್ತರರಿಗೆ ಎಪ್ಪತ್ತು ದಾಟಿದೆ, ಬಿಳಿ ಅಂಗಿ, ಬಿಳಿ ಧೋತರ, ನೆಟ್ಟಗೆ ಕೂತಿದ್ದರು. ಆ ದಿನ ಮುಂಜಾನೆ ಫೋನಿಗೆ ಗೆಳತಿಯರ ಚಿತ್ರ ಬಂದಿತ್ತು. ಹಡಗಿನ ಅಂಚಿನಲ್ಲಿ ಮೂವರೂ ಕಪ್ಪು ದಿರಿಸು ತೊಟ್ಟು ಕೂತು, ಈಗ ಇಳಿಯುವವರು. ಅದನ್ನು ನೋಡಿ ಫೋನು ಚೀಲಕ್ಕೆ ಹಾಕಿ ವೇದಿಕೆ ಹತ್ತಿದೆ. ಗೊಬ್ಬರದ ಅಂಗಡಿಯವನು ನನ್ನ ಕೈಗೆ ತೆಂಗಿನಕಾಯಿ ಕೊಟ್ಟ. ನಾನು ಕೊಡುವ ಮೊದಲು ಮಾಸ್ತರರು ಮೈಕು ಕೇಳಿ ತೆಗೆದುಕೊಂಡರು.

“ಈಕಿ ಅಗದಿ ಹಟಮಾರಿ ಹುಡುಗಿ,” ಎಂದು ನನ್ನನ್ನು ತೋರಿಸಿದರು. “ಒಮ್ಮೆ ಕೆರಿ ನೀರಾಗ ಮಾರಿ ಇಟ್ಟಿದ್ಲು. ಬಿಟ್ಟೆ ನೋಡ್ರಿ ಕಪಾಳಕ್ಕ ಒಂದು. ಆ ಒಂದ ಏಟಿಗೆ ಇವತ್ತ ಕಾಲೇಜಿನ್ಯಾಗ ಪಾಠ ಮಾಡಾಕತ್ತಾಳ.”

ಪೆಂಡಾಲು ನಕ್ಕಿತು, ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿ ನಮ್ಮವ್ವನೂ ಚಪ್ಪಾಳೆ ಹೊಡೆದಳು.

ಅವರಿಗೆ ನೆನಪಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಸಾವಿರ ಮಕ್ಕಳಿಗೆ ಹೊಡೆದವರು, ಒಬ್ಬಳು ಎಲ್ಲಿ ನೆನಪಿರಬೇಕು ಎಂದು. ನೆನಪಿತ್ತು. ಅದನ್ನು ಪದಕದ ಹಾಗೆ ಜೋಪಾನ ಮಾಡಿದ್ದರು. ನನ್ನ ಪದವಿಯನ್ನು ತಮ್ಮ ಅಂಗೈಯ ಲೆಕ್ಕಕ್ಕೆ ಬರೆದುಕೊಂಡಿದ್ದರು. ಮೈಕು ನನ್ನ ಕೈಗೆ ಬಂತು.

“ಸರ, ನಿಮಗ ನೆನಪೈತಿ ಅಂದ್ರ ಚೊಲೋ ಆತು,” ಎಂದೆ. “ಆ ಏಟಿಗೆ ನನ್ನ ಎಡಗಿವಿ ತಮಟಿ ಹರದೈತ್ರೀ. ತೂತು ಇನ್ನೂ ಐತಿ. ಡಾಕ್ಟರು ಮೊನ್ನೆ ಪಡದೆ ಮ್ಯಾಲ ತೋರಿಸಿದ್ರು. ಇವತ್ತ ನಾ ಇಲ್ಲಿ ಇರಬೇಕಾದಾಕಿ ಅಲ್ಲ, ಸಮುದ್ರದೊಳಗ ಇರಬೇಕಾದಾಕಿ. ನಾ ಕಲಿತದ್ದು ನಿಮ್ಮ ಏಟಿಂದ ಅಲ್ಲ. ಎಡಗಿವಿ ಕೇಳಂಗಿಲ್ಲ ಅಂತ ಎಲ್ಲಾ ಕ್ಲಾಸಿನ್ಯಾಗೂ ಮುಂದಿನ ಸಾಲಿನ ಎಡ ತುದಿಗೆ ಕುಂತು, ಬಲಗಿವಿ ಕೊಟ್ಟು ಕಲಿತೇನಿ. ಡಿಗ್ರಿ ತನಕ. ಅದನ್ನ ನಿಮ್ಮ ಲೆಕ್ಕಕ್ಕ ಹಚ್ಚಬ್ಯಾಡ್ರಿ.”

ನನ್ನ ದನಿ ಏರಿರಲಿಲ್ಲ. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಮಾಸ್ತರರ ಮುಖದ ನಗೆ ಅರ್ಧಕ್ಕೆ ನಿಂತಿತು. “ಆವಾಗ ಹಂಗ ಇತ್ತು ಬಿಡವಾ. ಎಲ್ಲಾರೂ ಹೊಡಿತಿದ್ರು,” ಎಂದರು, ನನ್ನನ್ನಲ್ಲ, ಗೊಬ್ಬರದ ಅಂಗಡಿಯವನನ್ನು ನೋಡುತ್ತ. ಆತ ಮೈಕು ಕಸಿದುಕೊಂಡು ಮುಂದಿನ ಕಾರ್ಯಕ್ರಮ ಕೂಗಿದ. ನಾನು ಕೆಳಗಿಳಿದೆ.

ಪೆಂಡಾಲಿನ ಹಿಂದೆ ಅವನು ಬಂದು ಅಡ್ಡ ನಿಂತ. “ವಯಸ್ಸಾದವರಿಗೆ ಹಂಗ ಅಂತಾರ? ಇಪ್ಪತ್ತೈದು ವರ್ಷದ ಸಿಟ್ಟು ಗಂಟು ಕಟಗೊಂಡು ಬಂದಿ?”

“ಇಲ್ಲಪಾ. ಹೊಸಾದು. ಜನವರಿಯಾಗಿಂದು,” ಎಂದೆ. “ಈಗ ಅವರು ಮಾತಾಡಿದ ಮ್ಯಾಲ ಇನ್ನೊಂದು ಹುಟ್ಟೈತಿ.”

“ಓದಿದವರದು ಇದ ಹಣೇಬರಹ,” ಎಂದು ಹೋದ. ಗುಂಪಿನಿಂದ ನನ್ನನ್ನು ಅವತ್ತೇ ತೆಗೆದು ಹಾಕಿದರು.

ಮನೆಗೆ ನಡೆಯುವಾಗ ಅವ್ವ ನನ್ನ ಬಲಬದಿಗೆ ಇದ್ದಳು. ಅವಳು ಯಾವಾಗಲೂ ನನ್ನ ಬಲಬದಿಗೇ ನಡೆಯುತ್ತಾಳೆ. ಎಡಗಿವಿ ಕೇಳದು ಎಂದು ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು, ಯಾಕೆ ಎಂಬುದೊಂದು ಗೊತ್ತಿರಲಿಲ್ಲ. ಓಣಿ ತಿರುಗಿದೆವು. ಆಮೇಲೆ, “ಗಂಗವ್ವ ಅಲ್ಲೇನು ಹಂಗಾರ,” ಎಂದಳು.

“ಅಲ್ಲಬೇ.”

“ನಾ ಆ ತಾಯಿ ಮ್ಯಾಲ ಹಾಕಿದ್ನಿ.” ಸ್ವಲ್ಪ ದೂರ ನಡೆದು, “ಕೈಯಾಗ ಏನದು?” ಎಂದು ಕೇಳಿದಳು.

ತೆಂಗಿನಕಾಯಿ ನನ್ನ ಕೈಯಲ್ಲೇ ಉಳಿದಿತ್ತು. ಕೊಡುವುದು ಮರೆತಿದ್ದೆನೋ, ಬೇಕೆಂದೇ ತಂದಿದ್ದೆನೋ, ಈಗ ಕೇಳಿದರೂ ಹೇಳಲಾರೆ. ತಿರುಗಿ ಕೊಟ್ಟು ಬರಲೇ ಎಂದೆ. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

“ಏನ ಬ್ಯಾಡ. ನಮದ ಐತಿ ಅದು.”

ಮರುದಿನ ಅದು ಚಟ್ನಿಯಾಯಿತು.

ಮೇ ತಿಂಗಳಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದೆ. ಕಿವಿಯ ಹಿಂದಿನ ತೆಳು ಪೊರೆ ತೆಗೆದು ತೂತಿಗೆ ಹಚ್ಚುತ್ತೇವೆ, ಹಿಡಿಯಬಹುದು, ಹಿಡಿಯದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಹಿಡಿದರೂ ಸಮುದ್ರದ ಆಳದ ಒತ್ತಡ ತಡೆದೀತು ಎಂಬ ಮಾತು ಅವರು ಕೊಟ್ಟಿಲ್ಲ. ಗೆಳತಿಯರು ಮುಂದಿನ ಏಪ್ರಿಲಿಗೆ ನನ್ನ ಹೆಸರು ಹಾಕಿಟ್ಟಿದ್ದಾರೆ. ಅಳಿಸಬೇಕಾಗಿ ಬಂದರೆ ನಾನೇ ಅಳಿಸುತ್ತೇನೆ, ನೀವು ಕೈ ಹಚ್ಚಬೇಡಿ ಎಂದು ಹೇಳಿದ್ದೇನೆ.

ಆಸ್ಪತ್ರೆಯಲ್ಲೂ ಒಂದು ಅರ್ಜಿ ಕೊಟ್ಟರು. ಅಲ್ಲೂ ಅದೇ ಪ್ರಶ್ನೆ: ಕಿವಿಗೆ ಹಿಂದೆ ಪೆಟ್ಟಾಗಿತ್ತೇ, ಆಗಿದ್ದರೆ ಹೇಗೆ? ಉತ್ತರಕ್ಕೆ ಒಂದು ಗೆರೆಯಷ್ಟು ಜಾಗ. ನಾನು ‘ಹೌದು’ ಎಂದು ಗುರುತು ಹಾಕಿ ಬರೆಯತೊಡಗಿದೆ. ಗೆರೆ ಮುಗಿದು ಅಂಚಿಗೆ ಬಂತು, ಅಂಚಿನಿಂದ ಕಾಗದದ ಹಿಂಬದಿಗೆ ಹೋಯಿತು. ಓದು ಬಾರದ ನಮ್ಮವ್ವ ಬಲಬದಿಗೆ ಕೂತು ನನ್ನ ಪೆನ್ನು ಓಡುವುದನ್ನೇ ನೋಡುತ್ತಿದ್ದಳು.

“ಅವತ್ತಿಂದು ಬರ್ಯಾಕತ್ತಿ ಏನು?”

“ಹೌದಬೇ.”

“ಬರಿ,” ಎಂದಳು. “ನಾ ಕಾಯಿ ಕೊಟ್ಟಿದ್ದನ್ನೂ ಬರಿ.”